ಲಾರ್ವಾ ತಾಣ ಅಂದರೆ ಎಲ್ಲಿ?

ಮಳೆಗಾಲ ಬಂತೆಂದರೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹಂಡೆ, ಡ್ರಮ್ಮು, ಹೂಕುಂಡಗಳನ್ನು ಇಣುಕಿ ನೋಡುತ್ತಾರೆ. ಅವರು ಹುಡುಕುವುದೇ ಲಾರ್ವಾ ತಾಣ. ಸೊಳ್ಳೆ ಮೊಟ್ಟೆಯಿಟ್ಟು ಮರಿಹುಳ ಬೆಳೆಯುವ ನಿಂತ ನೀರು. ಕೆರೆಯೇ ಆಗಬೇಕೆಂದಿಲ್ಲ, ಒಂದು ಗರಟೆಯಷ್ಟು ಮಳೆನೀರೂ ಸಾಕು.

ನಾವು ಸುಮ್ನೆ ಗಟಾರಕ್ಕೆ ಬೈಯುತ್ತೇವೆ. ಗಟಾರದ ಕೊಳಕು ನೀರು ಇಷ್ಟವಾಗುವುದು ಕ್ಯುಲೆಕ್ಸ್‌ಗೆ, ರಾತ್ರಿ ಕಿವಿ ಹತ್ತಿರ ಗುಂಯ್‌ಗುಡುವ ಜಾತಿ. ಪೇಟೆಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್‌ಗೆ ಬಾವಿ, ತಾರಸಿ ಟ್ಯಾಂಕು ಬೇಕು. ಡೆಂಗಿ ತರುವ ಈಡಿಸ್‌ಗೆ ಮಾತ್ರ ಮನೆ ಸುತ್ತಮುತ್ತಲ ತಿಳಿನೀರೇ ಆಗಬೇಕು. ಫ್ರಿಜ್ ಹಿಂದಿನ ಟ್ರೇಯನ್ನು ಕಡೆಯ ಸಲ ನೋಡಿದ್ದು ಯಾವಾಗ?

ಕಾರವಾರದ ಬೈತಖೋಲ ಬಂದರಿನ ಕಡೆ ಹೋದರೆ, ಬೋಟಿಗೆ ಬೋಟು ತಾಗದಂತೆ ಕಟ್ಟಿದ ಹಳೆ ಟೈರುಗಳು ಕಾಣುತ್ತವೆ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧ. ಆಗ ದಡದಲ್ಲಿ ಬಿದ್ದ ಟೈರಿನ ಒಳಗೆ, ಹೊದೆಸಿದ ತಾಡಪತ್ರಿಯ ತಗ್ಗಿನಲ್ಲಿ ಮಳೆನೀರು ನಿಲ್ಲುತ್ತದೆ. ಶಿರಸಿ ಕಡೆ ಈ ಕೆಲಸ ಅಡಿಕೆ ಹಾಳೆಯದು. ಉದುರಿದ ಹಾಳೆ ಮಗುಚಿ ಬಿದ್ದರೆ ಚಿಂತೆಯಿಲ್ಲ, ಅಂಗಾತ ಬಿದ್ದರೆ ಪುಟ್ಟ ದೋಣಿಯ ಹಾಗೆ ನೀರು ಹಿಡಿಯುತ್ತದೆ.

ಈಡಿಸ್ ಮೊಟ್ಟೆಯ ವಿಷಯವೇ ಬೇರೆ. ಅದು ನೀರಿನ ಮೇಲೆ ತೇಲುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಕಪ್ಪು ಚುಕ್ಕಿ, ಕಣ್ಣಿಗೆ ಬೀಳುವುದೂ ಕಷ್ಟ. ನೀರು ಆರಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಏರಿ ತಾಗಿತೋ, ಮರಿ ಹೊರಗೆ! ಹಾಗಾಗಿ ಡ್ರಮ್ಮಿನ ನೀರು ಚೆಲ್ಲಿದರೆ ಅರ್ಧ ಕೆಲಸ ಆಯಿತು ಅಷ್ಟೆ, ಒಳಮೈಯನ್ನು ಬ್ರಷ್ಷಿನಿಂದ ಗಸಗಸ ತಿಕ್ಕಬೇಕು. ಅದೂ ವಾರಕ್ಕೊಮ್ಮೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು.

ಎಲ್ಲರೂ ಕೇಳುವುದು ಫಾಗಿಂಗ್. ಹೊಗೆಗೆ ಸಾಯುವುದು ಹಾರುವ ಸೊಳ್ಳೆ, ನೀರಿನೊಳಗಿನ ಹುಳಕ್ಕೆ ಏನೂ ಆಗುವುದಿಲ್ಲ. ಈಡಿಸ್ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಆಚೆ ಹಾರುವುದೂ ಇಲ್ಲ. ಅಂದರೆ ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದೋ ಪಕ್ಕದ ಮನೆಯದೋ ಇರಬೇಕು, ಅಲ್ವಾ? 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಲ್ಲಿ ಲಾರ್ವಾ ತಾಣ ಸಿಕ್ಕರೆ ಪೇಟೆಯಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದಿತು. ಬಳಸದ ಬಾವಿ ಇದ್ದರೆ ಗಪ್ಪಿ ಮೀನು ಬಿಡಿ, ಹುಳ ತಿಂದುಕೊಂಡಿರುತ್ತವೆ.