ಹಲ್ಲುನೋವಿಗೆ ಮಾತ್ರೆ ಬರೆಸಿಕೊಂಡು ಬಂದವರಿಗೆ

ನನ್ನ ಕ್ಲಿನಿಕ್ಕಿಗೆ ಸುಮಾರು ಜನ ಒಂದು ಚೀಟಿ ಹಿಡಿದೇ ಬರುತ್ತಾರೆ. ಊರಿನ ಡಾಕ್ಟ್ರು ಬರೆದದ್ದು. ಒಂದು ಆಂಟಿಬಯಾಟಿಕ್, ಒಂದು ನೋವಿನ ಮಾತ್ರೆ, ಒಂದು ಗ್ಯಾಸಿನ ಮಾತ್ರೆ. ತಾರೀಕು ನೋಡಿದರೆ ದೀಪಾವಳಿ ಹೊತ್ತಿನದು. ಬಂದಿರುವುದು ಯುಗಾದಿ ಕಳೆದ ಮೇಲೆ. "ಆಗ ಕಮ್ಮಿ ಆಗಿತ್ತು ಡಾಕ್ಟ್ರೇ, ಈಗ ಮತ್ತೆ ಶುರುವಾಗಿದೆ. ಅದೇ ಮಾತ್ರೆ ಇನ್ನೊಂದು ಕೋರ್ಸ್ ತಗೊಳ್ಳಲಾ?"

ಬೇಡ. ಯಾಕೆ ಬೇಡ ಅಂತ ದಿನಾ ಹೇಳಿ ಹೇಳಿ ನನ್ನ ಬಾಯೇ ನೋಯುತ್ತಿದೆ.

ಚೀಟಿ ಬರೆದ ಡಾಕ್ಟರನ್ನು ನಾನು ಬೈಯುವುದಿಲ್ಲ. ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಅಷ್ಟರಲ್ಲಿ ಇಡೀ ದೇಹ ಕಲಿಯಬೇಕು. ಹಲ್ಲಿಗೆ ಸಿಗುವ ಪಾಲು ತೀರಾ ಸಣ್ಣದು. ಹಲ್ಲಿನ ಡಾಕ್ಟರ ಓದಾದ ಬಿಡಿಎಸ್‌ನಲ್ಲಿ ನಾವು ಅನಾಟಮಿ, ಫಾರ್ಮಕಾಲಜಿ, ಜನರಲ್ ಮೆಡಿಸಿನ್, ಸರ್ಜರಿ ಎಲ್ಲ ಓದಿ ಪಾಸಾಗಬೇಕು. ಅಂದರೆ ಅವರ ವಿದ್ಯೆ ನಮಗೆ ಸ್ವಲ್ಪ ಗೊತ್ತು, ನಮ್ಮದು ಅವರಿಗೆ ಇನ್ನೂ ಕಮ್ಮಿ. ಜಂಭಕ್ಕೆ ಹೇಳುತ್ತಿಲ್ಲ, ಸಿಲಬಸ್ ಇರುವುದೇ ಹಾಗೆ. ಹೊಸನಗರದ ಆಚೆ ಒಂದು ಹಳ್ಳಿಯಲ್ಲಿ, ಜಡಿಮಳೆಯ ರಾತ್ರಿ, ಕೆನ್ನೆ ಹಿಡಿದುಕೊಂಡು ಬಂದವರಿಗೆ ಅವರು ಮಾತ್ರೆ ಕೊಡದೆ ಇನ್ನೇನು ಮಾಡಬೇಕು? "ನಾಳೆ ಹಲ್ಲಿನ ಡಾಕ್ಟ್ರಿಗೆ ತೋರಿಸಿ" ಅಂತಲೂ ಹೇಳಿರುತ್ತಾರೆ. ನಮ್ಮವರ ಕಿವಿಗೆ ಅದೊಂದು ಮಾತು ಬಿದ್ದಿರುವುದಿಲ್ಲ, ಅಷ್ಟೇ.

ಈಗ ಹಲ್ಲಿನ ಒಳಗೆ ಬನ್ನಿ. ನಡುವೆ ಮೆತ್ತನೆಯ ತಿರುಳಿದೆ. ನರ, ರಕ್ತನಾಳ ಇರುವುದು ಅದರಲ್ಲೇ. ಸುತ್ತಲೂ ಗಟ್ಟಿ ಗೋಡೆ. ರಕ್ತ ಒಳಗೆ ಬರುವುದು ಬೇರಿನ ತುದಿಯ ತೀರಾ ಸಣ್ಣ ತೂತಿನಿಂದ. ಹುಳುಕು ತಿರುಳಿನವರೆಗೆ ಹೋದಾಗ ಅದು ಊದಲು ನೋಡುತ್ತದೆ. ಕಾಲೋ ಕೈಯೋ ಆದರೆ ಊದಲು ಜಾಗ ಇದೆ. ಇಲ್ಲಿಲ್ಲ. ಅದಕ್ಕೇ ಆ ಪರಿ ನೋವು. ಮಲಗಿದರೆ ತಲೆ ಕಡೆಗೆ ರಕ್ತದ ಒತ್ತಡ ಏರಿ ಇನ್ನೂ ಜಾಸ್ತಿ. ಹಾಗೇ ಬಿಟ್ಟರೆ ತಿರುಳು ಸಾಯುತ್ತದೆ. ನರ ಸತ್ತ ಮೇಲೆ ನೋಯುವುದಾದರೂ ಯಾವುದು? ನೋವು ನಿಲ್ಲುತ್ತದೆ. ನೀವು "ಮಾತ್ರೆ ಕೆಲಸ ಮಾಡ್ತು" ಅನ್ನುತ್ತೀರಿ. ಎಷ್ಟೋ ಸಲ ನಡೆದಿರುವುದು ಇಷ್ಟೇ. ಹಲ್ಲು ವಾಸಿಯಾಗಿರುವುದಿಲ್ಲ, ಸತ್ತಿರುತ್ತದೆ.

ಸತ್ತ ತಿರುಳಿಗೆ ರಕ್ತ ಹೋಗುವುದಿಲ್ಲ. ಆಂಟಿಬಯಾಟಿಕ್ ಹೋಗುವುದು ರಕ್ತದ ಜೊತೆಗೇ. ತೋಟದ ಡ್ರಿಪ್ ಪೈಪ್ ತುಂಡಾಗಿರುವಾಗ ಟ್ಯಾಂಕಿಗೆ ಎಷ್ಟು ಗೊಬ್ಬರ ಕಲಸಿದರೂ ಗಿಡಕ್ಕೆ ಮುಟ್ಟುತ್ತದಾ? ಇದೂ ಹಾಗೇ. ಒಳಗಿನ ಬ್ಯಾಕ್ಟೀರಿಯಾಗಳಿಗೆ ನಿಮ್ಮ ಕೋರ್ಸಿನ ಸುದ್ದಿಯೇ ಗೊತ್ತಾಗುವುದಿಲ್ಲ. ಆಮೇಲೆ ನಿಧಾನಕ್ಕೆ ಬೇರಿನ ತುದಿಯಲ್ಲಿ ಕೀವು, ಸುತ್ತಲಿನ ಮೂಳೆ ಕರಗುವುದು. ಆಗ ಉಳಿಯುವ ದಾರಿ ಎರಡೇ. ರೂಟ್ ಕೆನಾಲ್ ಮಾಡಿ ಒಳಗೆ ಚೊಕ್ಕ ಮಾಡಬೇಕು, ಇಲ್ಲಾ ಹಲ್ಲು ಕೀಳಬೇಕು. ಹಾಗಂತ ಆಂಟಿಬಯಾಟಿಕ್ ಬೇಡವೇ ಬೇಡ ಅಂತ ತಿಳಿಯಬೇಡಿ. ಮುಖ ಊದಿ ಜ್ವರ ಬಂದಿದ್ದರೆ ನಾನೂ ಬರೆಯುತ್ತೇನೆ. ಆದರೆ ಹಲ್ಲಿನ ಕೆಲಸದ ಜೊತೆಗೆ ಬರೆಯುತ್ತೇನೆ, ಅದರ ಬದಲಿಗೆ ಅಲ್ಲ.

ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು "ಕೊನೆಕೊಯ್ಲು ಮುಗೀಲಿ ಮಾರಾಯ್ರೆ" ಅನ್ನುತ್ತಾ ಮಾತ್ರೆಯಲ್ಲೇ ದಿನ ದೂಡಿದರು. ಕೊಯ್ಲು ಮುಗಿಯಿತು, ಸುಲಿತ ಮುಗಿಯಿತು. ಕೊನೆಗೆ ಬಂದಾಗ ದವಡೆ ಊದಿ ಬಾಯಿಯೇ ತೆರೆಯುತ್ತಿರಲಿಲ್ಲ. ಉಳಿಸಬಹುದಾಗಿದ್ದ ಹಲ್ಲು ಕೀಳಬೇಕಾಯಿತು. "ಒಂದು ಹಲ್ಲು ತಾನೇ" ಅಂದರು. ಅಡಿಕೆ ಮರ ಒಂದು ಬಿದ್ದಿದ್ದರೆ ಹಾಗೆ ಅನ್ನುತ್ತಿದ್ದರಾ? ಅವರದು ಒಂದು ಬದಿಯ ಊತ, ಸದ್ಯ. ದವಡೆಯ ಕೆಳಗೆ ಎರಡೂ ಕಡೆ ಊದಿ, ನಾಲಗೆ ಮೇಲೆದ್ದು, ಉಗುಳು ನುಂಗಲು ಕಷ್ಟವಾದರೆ ನನ್ನ ಹತ್ತಿರ ಬರಬೇಡಿ. ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಸೀದಾ ಹೋಗಿ. ಉಸಿರುದಾರಿ ಕಟ್ಟಬಹುದು.

ನನ್ನ ಫಿಸಿಶಿಯನ್ ಗೆಳೆಯರೊಬ್ಬರು ತಮ್ಮ ಹಲ್ಲಿಗೂ ತಾವೇ ಮಾತ್ರೆ ಬರೆದುಕೊಂಡು ನುಂಗುತ್ತಿದ್ದರು. ಕುರ್ಚಿಯಲ್ಲಿ ಕೂರಿಸಿದಾಗ "ಇಂಜೆಕ್ಷನ್ ನೋಯುತ್ತಾ?" ಅಂತ ಕೇಳಿದರು! ಆದರೆ ಅವರ ಹತ್ತಿರವೇ ಹೋಗಬೇಕಾದ ಬಾಯಿಯ ತೊಂದರೆಗಳೂ ಇವೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಒಸಡಿನಿಂದ ರಕ್ತ ಬರುತ್ತದೆ. ಬೇಸಿಗೆ ಹೊತ್ತಿಗೆ, ಕಾಡಿಗೆ ಹೋಗಿಬಂದವರಿಗೆ ಜೋರು ಜ್ವರದ ಜೊತೆ ಒಸಡಲ್ಲಿ ರಕ್ತ ಕಂಡರೆ ನನ್ನ ಕ್ಲಿನಿಕ್ಕಿನ ಬೆಂಚಿನಲ್ಲಿ ಕಾಯಬೇಡಿ. ದಿಬ್ಬ ಹತ್ತುವಾಗ ಬಂದು, ಕೂತರೆ ಹೋಗುವ ಕೆಳದವಡೆಯ ನೋವು ಹೃದಯದ್ದೂ ಇರಬಹುದು. ಅದನ್ನೂ ಅವರೇ ನೋಡಬೇಕು.

ಇನ್ನು ಹಲ್ಲು ಕೀಳಿಸಲು ಬರುವವರು ಬಿಪಿ, ಶುಗರ್, ಹಾರ್ಟಿನ ಮಾತ್ರೆಗಳ ವಿಷಯ ಮುಚ್ಚಿಡಬೇಡಿ. "ಹಲ್ಲಿಗೂ ಅದಕ್ಕೂ ಎಂತ ಸಂಬಂಧ?" ಅಂತ ಕೇಳುವವರಿದ್ದಾರೆ. ಸಂಬಂಧ ಇದೆ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಿಕೊಂಡೂ ಬರಬೇಡಿ. ಒಂದು ಹಲ್ಲು ಕೀಳುವುದಕ್ಕೆ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯ ಇರುವುದಿಲ್ಲ. ಬೇಕಾ ಬೇಡವಾ ಅನ್ನುವುದನ್ನು ನಾನು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತೇನೆ. ಚೀಟಿ ಕಳೆದುಹೋಗಿದ್ದರೆ ಖಾಲಿ ಸ್ಟ್ರಿಪ್ ತನ್ನಿ, ಅದೂ ಸಾಕು. "ಬಿಳಿ ಬಣ್ಣದ ಸಣ್ಣ ಮಾತ್ರೆ" ಅಂದರೆ ನನಗೆ ಗೊತ್ತಾಗುವುದಿಲ್ಲ.