ಹಳೆಯ ಸ್ಪೋರ್ಟ್ಸ್ ಕಾರಿನ ಸ್ಪೀಡೋಮೀಟರ್ ಆಗಾಗ ಕೈಕೊಡುತ್ತಿದೆ, ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಸ್ಪೀಡೋಮೀಟರ್ ಒಂದು ದಿನ ಸರಿಯಾಗಿರುತ್ತದೆ, ಮರುದಿನ ಮುಳ್ಳು ಸೊನ್ನೆ ಬಿಟ್ಟು ಏಳುವುದೇ ಇಲ್ಲ. ಕೆಲವು ಸಲ ಓಡಿಸುತ್ತಿರುವಾಗಲೇ ಬಿದ್ದುಹೋಗಿ, ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಏಳುತ್ತದೆ. ಸೆನ್ಸರ್ ಬದಲಾಯಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಈಗ ಇಡೀ ಮೀಟರನ್ನೇ ಬದಲಾಯಿಸಬೇಕಾ?

ಉತ್ತರ: ಈಗಲೇ ಬೇಡ. ಇನ್ನೊಂದು ಪಾರ್ಟ್ ತರುವ ಮುಂಚೆ ಒಂದೇ ಒಂದು ವಿಷಯ ಗಮನಿಸಿ. ಮುಳ್ಳು ಬಿದ್ದ ಹೊತ್ತಿನಲ್ಲಿ ಅದರ ಜೊತೆಗೆ ಇನ್ನೇನು ನಿಂತಿದೆ, ಏನು ನಡೀತಾ ಇದೆ? ಬಂದು ಹೋಗುವ ದೋಷಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ. ಇದನ್ನು ನೋಡದೆ ಪಾರ್ಟ್ ಬದಲಾಯಿಸುತ್ತಾ ಹೋದರೆ ದುಡ್ಡು ಖಾಲಿಯಾಗುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ.

ಮೊದಲು ನಿಮ್ಮ ಕಾರಿನಲ್ಲಿ ಯಾವ ಬಗೆಯ ಮೀಟರ್ ಇದೆ ಅಂತ ತಿಳಿದುಕೊಳ್ಳಿ. ಎಂಜಿಬಿ, ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಇಂಥವುಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರಿನವರೆಗೆ ಒಂದು ಕೇಬಲ್ ತಿರುಗುತ್ತಾ ಬರುತ್ತದೆ. ಪೋರ್ಷೆ 944ರಂಥ ಕಾರುಗಳಲ್ಲಿ ಕೇಬಲ್ ಇಲ್ಲ, ಸೆನ್ಸರ್ ಕಳಿಸುವ ವಿದ್ಯುತ್ ಮಿಡಿತಗಳನ್ನು ಮೀಟರ್ ಎಣಿಸುತ್ತದೆ. ನೀವು ಸೆನ್ಸರ್ ಬದಲಾಯಿಸಿದ್ದೀರಿ ಅಂದರೆ ನಿಮ್ಮದು ಎರಡನೇ ಬಗೆ ಇರಬೇಕು. ಆದರೂ ಕೇಬಲ್ ಇರುವವರಿಗೂ ಇದೇ ತೊಂದರೆ ಬರುತ್ತದೆ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ.

ಕೇಬಲ್ ಮೀಟರಿನ ಒಳಗೆ ಒಂದು ಅಯಸ್ಕಾಂತ ತಿರುಗುತ್ತದೆ. ಅದರ ಸುತ್ತ, ಅದಕ್ಕೆ ತಾಗದ ಹಾಗೆ, ಮುಳ್ಳಿಗೆ ಜೋಡಿಸಿದ ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಅಯಸ್ಕಾಂತ ಜೋರಾಗಿ ತಿರುಗಿದಷ್ಟೂ ಬಟ್ಟಲನ್ನು ಜಾಸ್ತಿ ಎಳೆಯುತ್ತದೆ, ಒಂದು ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಓಡಿದ ದೂರ ತೋರಿಸುವ ಓಡೋಮೀಟರ್ ತಿರುಗುವುದೂ ಅದೇ ಕೇಬಲ್ಲಿನಿಂದ, ಆದರೆ ಹಲ್ಲಿನ ಚಕ್ರಗಳ ಮೂಲಕ. ಹಾಗಾಗಿ ಮುಳ್ಳು ಬಿದ್ದಾಗ ಕಿಲೋಮೀಟರ್ ಅಂಕಿ ಓಡುತ್ತಿದ್ದರೆ ಕೇಬಲ್ಲೂ ಗೇರ್‌ಬಾಕ್ಸೂ ಸರಿ ಇವೆ, ದೋಷ ಮೀಟರ್ ಒಳಗೇ ಇದೆ. ಎರಡೂ ಒಟ್ಟಿಗೆ ನಿಂತರೆ ಕೇಬಲ್ಲನ್ನೋ, ಗೇರ್‌ಬಾಕ್ಸ್ ಕಡೆಯ ಪುಟ್ಟ ಗೇರನ್ನೋ ನೋಡಬೇಕು. ಕೇಬಲ್ಲಿನ ಚೌಕದ ತುದಿ ಸವೆದು ದುಂಡಗಾಗಿದ್ದರೆ ಅದು ಒಮ್ಮೆ ಕಚ್ಚಿಕೊಳ್ಳುತ್ತದೆ, ಒಮ್ಮೆ ಜಾರುತ್ತದೆ. ಇದೇ ಆ 'ಬಿದ್ದು ಏಳುವ' ಆಟಕ್ಕೆ ಕಾರಣ.

ಒಳಗಿನ ಕೇಬಲ್ಲನ್ನು ಹೊರಗೆಳೆದು ಒರೆಸಿ, ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡಿ. ಎಲ್ಲಾದರೂ ಮಡಚಿಕೊಂಡಿದ್ದರೆ ಆ ಜಾಗದಲ್ಲಿ ಮೇಲಕ್ಕೆ ಪುಟಿಯುತ್ತದೆ. ಸರಿ ಇದ್ದರೆ ತೆಳುವಾಗಿ ಗ್ರೀಸ್ ಹಚ್ಚಿ, ಆದರೆ ಮೀಟರ್ ಕಡೆಯ ಸುಮಾರು 20 ಸೆಂಟಿಮೀಟರ್ ಒಣಗಿದ ಹಾಗೇ ಬಿಡಿ. ಗ್ರೀಸ್ ಮೇಲೆ ಹತ್ತಿ ಮೀಟರ್ ಒಳಗೆ ಹೋದರೆ ಅಯಸ್ಕಾಂತಕ್ಕೂ ಬಟ್ಟಲಿಗೂ ಅಂಟಿಕೊಳ್ಳುತ್ತದೆ, ಆಗ ಮುಳ್ಳು ಇಲ್ಲದ ವೇಗ ತೋರಿಸುತ್ತದೆ. ಕೇಬಲ್ ಮೈತುಂಬ ಗೇರ್ ಆಯಿಲ್ ಇದ್ದರೆ ಕೆಳಗಿನ ಸೀಲ್ ಹೋಗಿದೆ, ಅದನ್ನೂ ಹೊಸದು ಹಾಕಿಸಿ. ಕೇಬಲ್ ತುಂಡಾಗಿದ್ದರಂತೂ ಹೊಸದು ಹಾಕುವ ಮುಂಚೆ ಮೀಟರಿನ ಹಿಂಬದಿಯಲ್ಲಿ ಕೇಬಲ್ ಕೂರುವ ಭಾಗವನ್ನು ಬೆರಳಿನಿಂದ ತಿರುಗಿಸಿ ನೋಡಲೇಬೇಕು. ಅದು ಬಿಗಿಯಾಗಿದ್ದರೆ ಹೊಸ ಕೇಬಲ್ಲೂ ಉಳಿಯುವುದಿಲ್ಲ.

ಈಗ ನಿಮ್ಮ ಕಾರಿಗೆ ಬರೋಣ. ದೋಷ ಯಾವಾಗ ಬರುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ, ನೆನಪನ್ನು ನಂಬಬೇಡಿ. ಹೊಂಡಕ್ಕೆ ಇಳಿದಾಗ ಮುಳ್ಳು ಬೀಳುತ್ತದೆ ಅಂದರೆ ವೈರ್ ಅಥವಾ ಕನೆಕ್ಟರ್ ಸಡಿಲ ಇರಬಹುದು. ತುಂಬ ಹೊತ್ತು ಓಡಿಸಿ ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾದ ಮೇಲೆ ಬೀಳುತ್ತದೆ ಅಂದರೆ ಸೆನ್ಸರ್ ಮೇಲೆ ಅನುಮಾನ. ಬೆಳಗಿನ ಚಳಿಯಲ್ಲಿ ಸತ್ತಂತಿದ್ದು, ಕಾರಿನ ಒಳಗೆ ಬೆಚ್ಚಗಾದ ಮೇಲೆ ಸರಿಹೋಗುತ್ತಾ? ಡ್ಯಾಶ್‌ಬೋರ್ಡ್ ಮೇಲೆ ಒಂದು ತಟ್ಟಿದರೆ ಏಳುತ್ತಾ? ಹಾಗಿದ್ದರೆ ಹೆಚ್ಚುಕಮ್ಮಿ ಮೀಟರ್ ಬೋರ್ಡಿನ ಬೆಸುಗೆಯೇ ಬಿರುಕು ಬಿಟ್ಟಿರುತ್ತದೆ. ಮುಳ್ಳಿನ ಜೊತೆ ಕ್ರೂಸ್ ಕಂಟ್ರೋಲ್ (ಕಾರನ್ನು ತಾನಾಗಿ ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ) ಕೂಡ ನಿಂತರೆ, ಅಥವಾ ಎಂಜಿನ್ ಲೈಟ್ ಹತ್ತಿ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0500 ಎಂಬ ಕೋಡ್ ಬಂದರೆ, ವೇಗದ ಸಿಗ್ನಲ್ಲೇ ಸರಿಯಾಗಿ ಬರುತ್ತಿಲ್ಲ ಅಂತ ಅರ್ಥ. ಆಗ ಮೊದಲೇ ಮೀಟರನ್ನು ಬಿಚ್ಚುವ ಗೋಜಿಗೆ ಹೋಗಬೇಡಿ.

ಸೆನ್ಸರ್ ಬದಲಾಯಿಸಿದರೂ ಸರಿಹೋಗಲಿಲ್ಲ ಅಂದಿರಲ್ಲ, ಇದು ಬಹಳ ಜನರಿಗೆ ಆಗುವುದೇ. ಸೆನ್ಸರಿಗೆ ಮೂರು ವೈರ್ ಇದ್ದರೆ ಅದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಅಂದರೆ ಕಾಂತಕ್ಷೇತ್ರದ ಏರಿಳಿತ ಗುರುತಿಸಿ ಮಿಡಿತ ಕಳಿಸುವಂಥದ್ದು. ಒಂದರಲ್ಲಿ ಕರೆಂಟ್, ಒಂದು ಅರ್ತ್, ಇನ್ನೊಂದು ಸಿಗ್ನಲ್. ಇಗ್ನಿಷನ್ ಆನ್ ಮಾಡಿ ಮಲ್ಟಿಮೀಟರಿನಲ್ಲಿ ನೋಡಿ: ಕರೆಂಟ್ ವೈರಿಗೂ ಅರ್ತ್ ವೈರಿಗೂ ನಡುವೆ, ಕಾರಿಗೆ ತಕ್ಕಂತೆ, 12 ವೋಲ್ಟೋ 5 ವೋಲ್ಟೋ ಇರಬೇಕು. ಅದೇ ಇಲ್ಲದಿದ್ದರೆ ಎಂಥ ಹೊಸ ಸೆನ್ಸರ್ ತಂದು ಹಾಕಿ ಏನು ಬಂತು? ಎರಡೇ ವೈರ್ ಇದ್ದರೆ ಅದು ರೀಡ್ ಸ್ವಿಚ್ ಇರಬಹುದು, ಅಂದರೆ ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಪುಟ್ಟ ಸ್ವಿಚ್. ಹಾಗಿದ್ದರೆ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ (ಸಂಪರ್ಕ ಕೂಡಿದಾಗ ಸದ್ದು ಮಾಡುವ ಸ್ಥಾನಕ್ಕೆ) ಇಟ್ಟು ಸೆನ್ಸರಿನ ಎರಡು ತುದಿಗಳಿಗೆ ಕೊಡಿ. ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಎಂಜಿನ್ ಓಡಿಸುವ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಕೈಯಿಂದ ತಿರುಗಿಸಿ. ಬೀಪ್ ಬಂದು ಬಂದು ನಿಲ್ಲಬೇಕು. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ, ದಯವಿಟ್ಟು.

ಇಷ್ಟು ಮಾಡಿದಾಗ ಎಲ್ಲ ಸರಿಯಾಗಿ ಕಂಡರೂ ಸೆನ್ಸರ್ ಪಾಸ್ ಆಯ್ತು ಅಂದುಕೊಳ್ಳಬೇಡಿ. ಬಂದು ಹೋಗುವ ದೋಷವನ್ನು ಅದು ಬಂದಿರುವಾಗಲೇ ಹಿಡಿಯಬೇಕು. ಅದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಹೀಗಿದೆ: ಮೀಟರಿನ ಹಿಂದೆ ಸಿಗ್ನಲ್ ವೈರಿಗೂ ಅರ್ತಿಗೂ ಎರಡು ಉದ್ದದ ವೈರ್ ಜೋಡಿಸಿ, ಸೀಟಿನವರೆಗೆ ತಂದು, ಹರ್ಟ್ಜ್ (ಸೆಕೆಂಡಿಗೆ ಎಷ್ಟು ಮಿಡಿತ ಅನ್ನುವ ಅಂಕಿ) ತೋರಿಸುವ ಮಲ್ಟಿಮೀಟರಿಗೆ ಕೊಡಿ. ಕಾರ್ ನೀವು ಓಡಿಸಿ, ಅಂಕಿ ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು. ವೇಗ ಹೆಚ್ಚಿದ ಹಾಗೆ ಅಂಕಿಯೂ ಏರಬೇಕು. ಮುಳ್ಳು ಬಿದ್ದಾಗ ಅಂಕಿಯೂ ಬಿದ್ದರೆ ದೋಷ ಸೆನ್ಸರ್ ಕಡೆಯದ್ದೋ ವೈರಿನದ್ದೋ. ಮುಳ್ಳು ಬಿದ್ದರೂ ಅಂಕಿ ಬೀಳದೆ ಹಾಗೇ ಬರುತ್ತಿದ್ದರೆ ಮೀಟರನ್ನು ಬಿಚ್ಚಿ, ಧೈರ್ಯವಾಗಿ ಬಿಚ್ಚಿ.

ಬಿಚ್ಚುವ ಮುಂಚೆ ಬ್ಯಾಟರಿ ತೆಗೆಯಿರಿ. ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕನೆಕ್ಟರ್ ಪಿನ್ನುಗಳನ್ನು ಬೆಸೆದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ ಕಂಡರೆ ಅದೇ ಬಿರುಕು. ಅಲ್ಲಿ ಹಳೆಯ ಸೋಲ್ಡರ್ ತೆಗೆದು ಹೊಸದು ಹಾಕಿದರೆ ಕೆಲಸ ಮುಗಿಯಿತು. ಕೆಲವು ಜಪಾನಿ ಕಾರುಗಳ ಮೀಟರನ್ನು ಹಿಡಿದಿರುವ ಸ್ಕ್ರೂಗಳೇ ಕರೆಂಟನ್ನೂ ದಾಟಿಸುತ್ತವೆ, ಅವು ಸಡಿಲವಾಗಿದ್ದರೂ ಹೀಗೇ ಆಗುತ್ತದೆ. ಅವನ್ನು ಒರೆಸಿ, ಹದವಾಗಿ ಬಿಗಿ ಮಾಡಿ. ಕೆಪಾಸಿಟರ್ ಬುಡದಲ್ಲಿ ಕಂದು ಕಲೆ ಇದ್ದರೆ, ಮೀನಿನಂಥ ವಾಸನೆ ಬಂದರೆ, ಅದು ಸೋರಿದೆ. ಬೋರ್ಡನ್ನು ಸ್ವಚ್ಛ ಮಾಡಿ ಕೆಪಾಸಿಟರ್ ಬದಲಾಯಿಸಬೇಕು. ಸೋಲ್ಡರಿಂಗ್ ರೂಢಿ ಇಲ್ಲದಿದ್ದರೆ ಬೋರ್ಡನ್ನು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರಿಗೆ ಕೊಡಿ. ಹಳೆಯ ಕಾರಿನ ಮೂಲ ಮೀಟರನ್ನು ಉಳಿಸಿಕೊಳ್ಳುವುದೇ ಒಳ್ಳೆಯದು. ಬೇರೆ ಕಾರಿನಿಂದ ತಂದ ಮೀಟರಿಗೂ ಅಷ್ಟೇ ವಯಸ್ಸಾಗಿರುತ್ತದೆ ಅಲ್ವಾ?

ಸರಿಯಾದ ಮೇಲೆ ಒಂದೇ ವೇಗದಲ್ಲಿ ಓಡಿಸಿ ಜಿಪಿಎಸ್ ಜೊತೆ ಹೋಲಿಸಿ ನೋಡಿ. ಮುಳ್ಳು ಸ್ವಲ್ಪ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಹಲವು ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು, ಆದರೆ ಆ ವೇಗದ ಶೇಕಡಾ 10 ಮತ್ತು ಅದರ ಮೇಲೆ ಗಂಟೆಗೆ 4 ಕಿಲೋಮೀಟರಿನಷ್ಟು ಹೆಚ್ಚು ತೋರಿಸಬಹುದು. ಕಡಿಮೆ ತೋರಿಸುತ್ತಿದ್ದರೆ ಟೈರ್ ಅಳತೆ ಬದಲಾಗಿದೆಯಾ ನೋಡಿ. ಓಡೋಮೀಟರ್ ಕೂಡ ನಿಂತಿದ್ದ ದಿನಗಳಲ್ಲಿ ಕಾರ್ ಅಂದಾಜು ಎಷ್ಟು ದೂರ ಓಡಿದೆ ಅಂತ ಸರ್ವೀಸ್ ಪುಸ್ತಕದಲ್ಲಿ ಬರೆದಿಡಿ. ಮುಂದೆ ಕಾರ್ ಕೊಳ್ಳುವವರಿಗೂ ಅದು ಗೊತ್ತಾಗಬೇಕು.