ಕಪ್ಪೆಯನ್ನು ಮದುವೆಯಾದ ರಾಜ, ಕಪ್ಪೆಗೆ ಮದುವೆ ಮಾಡುವ ಊರು

ಮಿರಗದ ಮಳೆ ಕೈಕೊಟ್ಟ ವರ್ಷ ಆಳಂದ ಕಡೆಯ ನಮ್ಮೂರಲ್ಲಿ ಕಪ್ಪೆ ಮದುವೆ ಮಾಡಿದ್ದರು. ಬಾವಿಯ ಕಲ್ಲುಸಂದಿಯಿಂದ ಹಿಡಿದು ತಂದ ಎರಡು ಕಪ್ಪೆ, ಹಸಿಬಟ್ಟೆ ಹಾಸಿದ ಬುಟ್ಟಿಯಲ್ಲಿ. ಬೆನ್ನಿಗೆ ಅರಿಶಿಣ ಹಚ್ಚುವಾಗ ಅವುಗಳ ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ಮೇಲಿನ ಓಣಿಯವರು ಗಂಡಿನ ಕಡೆ, ಕೆಳಗಿನ ಓಣಿಯವರು ಹೆಣ್ಣಿನ ಕಡೆ. ಅಕ್ಕಿಕಾಳು ಬಿದ್ದ ಮೇಲೆ ನಮ್ಮಜ್ಜಿ ಅಂದಳು: “ಈಗ ಬೀಗರಾದ್ವಿ ನೋಡಪಾ. ಬೀಗರ ಹೊಲ ಒಣಗಿದ್ರ ಅವರು ಸುಮ್ಮ ಕೂಡತಾರೇನು?”

ಜಾನಪದ ವಿದ್ಯಾರ್ಥಿಗಳಾದ ನೀವು ಪರೀಕ್ಷೆಗೆ ಓದುವ, ಜಾನಪದದಲ್ಲಿ ಪ್ರಾಣಿ ಮತ್ತು ಮನುಷ್ಯರ ಮದುವೆ ಎಂಬ ಪಾಠಕ್ಕೆ ಈ ಮಾತೇ ಕೀಲಿಕೈ ಎಂದು ನನಗನ್ನಿಸುತ್ತದೆ. 1890ರಲ್ಲಿ ಬ್ರಿಟಿಷ್ ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ವಿವರಿಸಿದ ಸದೃಶ ಮಾಂತ್ರಿಕತೆಯನ್ನು ನೀವೆಲ್ಲ ಓದಿರುತ್ತೀರಿ: ಎಂಥದ್ದನ್ನು ಮಾಡಿ ತೋರಿಸುತ್ತೇವೋ ಅಂಥದ್ದೇ ಆಗುತ್ತದೆಂಬ ನಂಬಿಕೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಅಡಗಿದ ಕಪ್ಪೆ ಮೊದಲ ಮಳೆಗೆ ಹೊರಬಂದು ಜೊತೆಗಾತಿಯನ್ನು ಕೂಗುತ್ತದೆ. ಋಗ್ವೇದದ ಏಳನೇ ಮಂಡಲದ 103ನೇ ಸೂಕ್ತ ಪೂರ್ತಿ ಈ ಕೂಗಿನದೇ; ಅಲ್ಲಿ ಕಪ್ಪೆಗಳನ್ನು ಮಂತ್ರ ಹೇಳುವ ಬ್ರಾಹ್ಮಣರಿಗೆ ಹೋಲಿಸಿದೆ. ಹಾಗಾಗಿ ಕಪ್ಪೆಯೇ ಯಾಕೆ ಅನ್ನುವುದಕ್ಕೆ ಫ್ರೇಜರ್ ಸಾಕು. ಮದುವೆಯೇ ಯಾಕೆ ಅನ್ನುವುದಕ್ಕೆ ಅಜ್ಜಿಯ ಮಾತು ಬೇಕು. ಕಪ್ಪೆಗಳ ಜೊತೆ ಬೀಗತನ ಬೆಳೆದರೆ ಕೊಡುಕೊಳ್ಳುವ ಹಂಗು ಬೆಳೆಯುತ್ತದೆ.

ಉತ್ತರ ಬರೆಯುವಾಗ ಒಂದು ಎಚ್ಚರ: ಕಪ್ಪೆ ಮದುವೆ, ಕತ್ತೆ ಮದುವೆಗಳಲ್ಲಿ ವಧುವರರಿಬ್ಬರೂ ಪ್ರಾಣಿಗಳೇ, ಮನುಷ್ಯರು ಬೀಗರು ಮಾತ್ರ. ಮನುಷ್ಯನೇ ಹಸೆಗೆ ಕೂಡುವ ಆಚರಣೆ ಬೇರೆ ಕಡೆ ಇದೆ. ಮೆಕ್ಸಿಕೋದ ಸಾನ್ ಪೆದ್ರೊ ವಾಮೆಲುಲಾ ಎಂಬ ಊರಲ್ಲಿ ಊರಿನ ಮೇಯರ್ ಹೆಣ್ಣು ಮೊಸಳೆಯನ್ನು ಮದುವೆಯಾಗುತ್ತಾನೆ. ಅಲ್ಲಿನ ಎರಡು ಜನಾಂಗಗಳ ನಡುವೆ ಹಿಂದೆ ಆದ ರಾಜಿಯ ನೆನಪದು; ಮಳೆ, ಮೀನು ಸಿಗಲೆಂಬ ಹರಕೆಯೂ ಹೌದು. ಅಲ್ಲೂ ಬೀಗತನವೇ. ಜಾರ್ಖಂಡ್, ಒಡಿಶಾದ ಹೋ ಮತ್ತು ಸಂತಾಲ ಜನರಲ್ಲಿ ಮೇಲಿನ ಒಸಡಿನಲ್ಲಿ ಮೊದಲ ಹಲ್ಲು ಬಂದ ಮಗುವಿಗೆ ನಾಯಿಯೊಡನೆ ಮದುವೆ ಮಾಡುವುದು ಆ ಹಲ್ಲಿನ ಅಪಶಕುನದ ಕೇಡನ್ನು ನಾಯಿಗೆ ದಾಟಿಸಲಿಕ್ಕೆ.

ಕಥೆಗೆ ಬಂದರೆ ಲೆಕ್ಕ ಬದಲಾಗುತ್ತದೆ. ಮಹಾಭಾರತದ ವನಪರ್ವದಲ್ಲಿ ಇಕ್ಷ್ವಾಕು ವಂಶದ ಪರೀಕ್ಷಿತನ ಕಥೆಯಿದೆ (ಅಭಿಮನ್ಯುವಿನ ಮಗ ಬೇರೆ, ಗೊಂದಲ ಬೇಡ). ಬೇಟೆಗೆ ಹೋದವನಿಗೆ ಹಾಡುತ್ತ ಹೂ ಕೊಯ್ಯುವ ಹುಡುಗಿ ಸಿಗುತ್ತಾಳೆ. “ನನಗೆ ನೀರು ತೋರಿಸಬಾರದು” ಎಂಬ ಒಂದೇ ಷರತ್ತಿನ ಮೇಲೆ ಮದುವೆ. ಮುಂದೊಂದು ದಿನ ತೋಟದ ಮರೆಯಲ್ಲಿದ್ದ ಕೊಳಕ್ಕೆ ರಾಜನೇ ಅವಳನ್ನು ಇಳಿಸುತ್ತಾನೆ, ಅವಳು ಮೇಲೆ ಬರುವುದಿಲ್ಲ. ನೀರು ಬಸಿದು ನೋಡಿದರೆ ಬಿಲದ ಬಾಯಲ್ಲಿ ಒಂದು ಕಪ್ಪೆ! ಹೆಂಡತಿಯನ್ನು ಅದೇ ತಿಂದಿತೆಂದು ಅವನು ಕಪ್ಪೆಗಳನ್ನೆಲ್ಲ ಕೊಲ್ಲಿಸತೊಡಗಿದಾಗ ಕಪ್ಪೆಗಳ ರಾಜ ಆಯು ಬಂದು, ಅವಳು ತನ್ನ ಮಗಳು ಸುಶೋಭನೆ ಎಂದು ಹೇಳಿ ಮತ್ತೆ ಒಪ್ಪಿಸುತ್ತಾನೆ. ಆಚರಣೆಯಲ್ಲಿ ಕಪ್ಪೆಗೆ ಮದುವೆ ಮಾಡಿದರೆ ನೀರು ಬರಬೇಕು. ಕಥೆಯಲ್ಲಿ ನೀರು ಕಂಡರೆ ಮದುವೆ ಮುರಿಯುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಜನಪದ ಕಥೆಗಳನ್ನು ಬಗೆಬಗೆಯಾಗಿ ವಿಂಗಡಿಸಿ ಸಂಖ್ಯೆ ಕೊಟ್ಟ ಆರ್ನೆ–ಥಾಂಪ್ಸನ್–ಉಥರ್ ಕಥಾವರ್ಗಗಳ ಸೂಚಿಯಲ್ಲಿ ಕಳೆದುಹೋದ ಹೆಂಡತಿಯನ್ನು ಹುಡುಕುವ ಕಥೆಯ ಸಂಖ್ಯೆ 400, ಕಳೆದುಹೋದ ಗಂಡನನ್ನು ಹುಡುಕುವುದರದು 425. ಇಷ್ಟು ನೆನಪಿಟ್ಟುಕೊಳ್ಳಿ.

ಕರ್ನಾಟಕದಲ್ಲಿ ಹೇಳುವ ಹಾವಿನ ಕಥೆಯನ್ನು ಮಾತ್ರ ನಿಧಾನವಾಗಿ ಓದಬೇಕು. ಗಂಡ ಮುಖ ನೋಡದ ಹೆಣ್ಣು, ಅವನ ಮನಸ್ಸು ತಿರುಗಲೆಂದು ಬೇರು ಅರೆದು ಅಡುಗೆಗೆ ಹಾಕಿ, ಅದರ ಬಣ್ಣಕ್ಕೆ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನುಂಡ ಹಾವು ರಾತ್ರಿ ಗಂಡನ ರೂಪದಲ್ಲಿ ಬರುತ್ತದೆ. ಬಸುರಿಯಾದಾಗ ಪಂಚಾಯ್ತಿ. ಹಾವನ್ನೇ ಕೈಯಲ್ಲಿ ಹಿಡಿದು ಅವಳು ಆಣೆ ಮಾಡುತ್ತಾಳೆ: ಗಂಡನನ್ನೂ ಈ ನಾಗಪ್ಪನನ್ನೂ ಬಿಟ್ಟು ಯಾರನ್ನೂ ಮುಟ್ಟಿಲ್ಲ. ಅಕ್ಷರಶಃ ನಿಜ, ಹಾವು ಕಚ್ಚುವುದಿಲ್ಲ.

ಇದೇ ನಾಗಪ್ಪ ಪಂಚಮಿಯಲ್ಲಿ ಅಣ್ಣ. ಹಬ್ಬಕ್ಕೆ ತವರಿಗೆ ಬಂದ ನಮ್ಮಕ್ಕ ಕೊಬ್ಬರಿ ಬಟ್ಟಲಲ್ಲಿ ಹಾಲು ಅದ್ದಿ ಹುತ್ತಕ್ಕೆ ಎರೆಯುತ್ತ ಎಣಿಸುತ್ತಾಳೆ: ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಗಂಡನ ಪಾಲು ಎಲ್ಲಿ ಎಂದು ಒಮ್ಮೆ ಕೇಳಿದೆ. “ಅದು ಅತ್ತಿ ಮನ್ಯಾಗ” ಅಂದಳು.